ಪಂಚಮಿಗೆ ಬಂದ ಹೊಳಿ

2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಚಿಕ್ಕೋಡಿ ತಾಲ್ಲೂಕಿನ ಕೃಷ್ಣಾ ದಂಡೆಯ ನಮ್ಮ ಊರುಗಳಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಲಗ್ನವಾಗಿ ಹೋದವರನ್ನು ಅಣ್ಣತಮ್ಮಂದಿರು ಹೋಗಿ ಕರೆತರಬೇಕು. ಜೋಳದ ಅಳ್ಳು ಹುರಿಯಬೇಕು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಬೇಕು, ಬೇವಿನ ಗಿಡಕ್ಕೂ ಪಡಸಾಲೆಯ ತೊಲೆಗೂ ಜೋಕಾಲಿ ಹಾಕಬೇಕು. ಇಚಲಕರಂಜಿಗೆ ಕೊಟ್ಟ ನಮ್ಮಕ್ಕ ಮಕ್ಕಳನ್ನು ಕಟ್ಟಿಕೊಂಡು ಜುಲೈ ಕೊನೆಗೇ ಬಂದಿದ್ದಳು. ಹಬ್ಬದ ಮರುದಿನ ಹೊರಡುವುದು ಅಂತ ಮಾತಾಗಿತ್ತು. ಅವಳು ಗಂಡನ ಮನೆಯ ಹೊಸ್ತಿಲು ತುಳಿಯುವ ಹೊತ್ತಿಗೆ ಊರೂರಲ್ಲಿ ಗಣಪತಿಯ ಮಂಟಪ ಕಟ್ಟುತ್ತಿದ್ದರು.

ಮಹಾಪೂರದ ಮಾತು ತೆಗೆದರೆ ಹೊರಗಿನವರು ಮೊದಲು ಕೇಳುವುದು ನೀರು ಎಲ್ಲೀತನಕ ಏರಿತ್ತು ಅಂತ. ಮಾರುತಿ ಗುಡಿಯ ಗೋಡೆಯ ಮೇಲೆ ಬಣ್ಣದ ಗೆರೆ ಎಳೆದು ಇಸವಿ ಬರೆದಿದ್ದೇವೆ, 2005ರದು ಕೆಳಗೆ, 2019ರದು ಮೇಲೆ. ಬಂದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮನ್ನು ಮುರಿದ ಸಂಗತಿ ಆ ಗೆರೆಯಲ್ಲಿ ಕಾಣುವುದಿಲ್ಲ. ಹೊಳಿ ಏರುವುದು ನಮಗೆ ಹೊಸದಲ್ಲ. ಮಳೆಗಾಲದಲ್ಲಿ ಹೊಲಕ್ಕೆ ಬರುತ್ತದೆ, ಒಂದೆರಡು ದಿನ ನಿಲ್ಲುತ್ತದೆ, ರೇವೆ ಬಿಟ್ಟು ಹೋಗುತ್ತದೆ. ಆ ರೇವೆಯ ಮೇಲೆ ಮುಂದಿನ ಪೀಕು ಚೆನ್ನಾಗಿ ಬರುವುದರಿಂದ ಅದನ್ನು ನಾವು ಲಾಭದ ಕಡೆಗೇ ಬರೆದುಕೊಳ್ಳುತ್ತೇವೆ. ಆ ಸಲ ಹೊಳಿ ಬಂದು ಕೂತುಬಿಟ್ಟಿತು. ದಿನಾ ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆ ಇದ್ದಲ್ಲೇ ಇರುತ್ತಿತ್ತು. ನಾನು ಹೇಳಬೇಕಾದದ್ದು ಆ ಕೂತ ನೀರಿನ ಕತೆ.

ಅದೇ ವರ್ಷದ ಮೇ ತಿಂಗಳು ನೆನಪಿಸಿಕೊಂಡರೆ ಈಗಲೂ ನಂಬುವುದು ಕಷ್ಟ. ಹೊಳಿ ಬತ್ತಿತ್ತು. ಹುಡುಗರು ಪಾತ್ರದೊಳಗೆ ಇಳಿದು ಕ್ರಿಕೆಟ್ ಆಡುತ್ತಿದ್ದರು, ಹೆಂಗಸರು ಉಸುಕಿನಲ್ಲಿ ವರ್ತಿ ತೋಡಿ ಬಟ್ಟಲಿನಿಂದ ಕೊಡ ತುಂಬುತ್ತಿದ್ದರು. ಕೊಯ್ನಾದಿಂದ ಕುಡಿಯಲಿಕ್ಕಾದರೂ ನೀರು ಬಿಡಿಸಿರಿ ಎಂದು ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆಯ ರೈತರು ರಸ್ತೆಗಿಳಿದರು. ಕರ್ನಾಟಕ ಸರ್ಕಾರ ಮಹಾರಾಷ್ಟ್ರವನ್ನು ಕೇಳಿಕೊಂಡಿತು. ನೀರು ಬರಲಿಲ್ಲ. ಅಷ್ಟು ದಾಹ ಕಂಡಿದ್ದಕ್ಕೇ ಜುಲೈನಲ್ಲಿ ಹೊಳಿ ಕೆಂಪಾಗಿ ಬಂದಾಗ ಊರಿನ ಹೆಂಗಸರೆಲ್ಲ ಹಸಿರು ಬಳೆ, ಕುಬಸ, ತೆಂಗಿನಕಾಯಿ ಹಿಡಿದುಕೊಂಡು ಹೋಗಿ ಗಂಗವ್ವನ ಉಡಿ ತುಂಬಿ ಬಂದರು. ನಮ್ಮ ಆಯಿ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ನೀರನ್ನು ಮುಖಕ್ಕೆ ಹಚ್ಚಿಕೊಂಡು, “ಬಂದಿ ಏನ ನನ್ನವ್ವ, ಹಾದಿ ನೋಡಿ ಕಣ್ಣ ಹೋದೂ” ಅಂದಿದ್ದಳು.

ಕೃಷ್ಣೆ ಮಹಾಬಳೇಶ್ವರದಿಂದ ಹೊರಟು ನಮ್ಮಲ್ಲಿಗೆ ಬರುವಷ್ಟರಲ್ಲಿ ಒಂದೇ ನದಿಯಾಗಿ ಉಳಿದಿರುವುದಿಲ್ಲ. ಕರಾಡದಲ್ಲಿ ಕೊಯ್ನಾ ಕೂಡುತ್ತದೆ, ಸಾಂಗ್ಲಿಯ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ. ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗಾ ಯಡೂರ, ಕಲ್ಲೋಳದ ಹತ್ತಿರ ಬಂದು ಸೇರುತ್ತದೆ. ಸಹ್ಯಾದ್ರಿಯಲ್ಲಿ ಒಂದೇ ಸಮ ಮಳೆ ಹಿಡಿದರೆ ಇವೆಲ್ಲ ಒಂದೇ ಹೊತ್ತಿಗೆ ತುಂಬುತ್ತವೆ. ನಡುವಿನ ದೊಡ್ಡ ಹೊಳಿ ಎತ್ತರಕ್ಕೆ ನಿಂತಿರುವಾಗ ಪಕ್ಕದಿಂದ ಬರುವ ನೀರಿಗೆ ಒಳಗೆ ಜಾಗ ಸಿಗುವುದಿಲ್ಲ. ಅದು ತನ್ನ ಹಾದಿಯಲ್ಲೇ ಹಿಂದಕ್ಕೆ ಸರಿದು ಹೊಲಗಳಿಗೆ ಹರಡಿಕೊಳ್ಳುತ್ತದೆ. ನಮ್ಮ ಊರ ಹಿಂದಿನ ಸಣ್ಣ ಹಳ್ಳವೂ ಹಾಗೇ ಹಿಮ್ಮುಖವಾಗಿ ಹರಿಯಿತು. ನಾವೆಲ್ಲ ಮುಂದೆ ಹೊಳಿಯ ಕಡೆ ಮುಖ ಮಾಡಿ ಕಾವಲು ಕೂತಿದ್ದಾಗ ಹಿತ್ತಲ ಕಡೆಯಿಂದ ನೀರು ಬಂತು.

ಕೊಯ್ನಾ ಅಣೆಕಟ್ಟು ಹಿಡಿಯುವುದು 105 ಟಿಎಂಸಿ. ಅದು ತುಂಬುತ್ತ ಬಂದ ಮೇಲೆ ಬಂದಷ್ಟನ್ನೂ ಬಿಡದೆ ಗತಿಯಿಲ್ಲ. ಕೆಳಗೆ ಆಲಮಟ್ಟಿಯಿಂದ ಐದು ಲಕ್ಷ ಕ್ಯುಸೆಕ್‌ಗೂ ಹೆಚ್ಚು ಬಿಡುತ್ತಿದ್ದರು, ಅಂದರೆ ಸೆಕೆಂಡಿಗೆ ಒಂದು ಕೋಟಿ 40 ಲಕ್ಷ ಲೀಟರ್ ಮೇಲೆ. ಅಷ್ಟು ಹೋದರೂ ನಮ್ಮ ಅಂಗಳದ ನೀರು ಕದಲಲಿಲ್ಲ. ಸಾಂಗ್ಲಿಯವರು ಆಲಮಟ್ಟಿಯನ್ನು ಬೈದರು, ನಾವು ಕೊಯ್ನಾವನ್ನು ಬೈದೆವು. ಬೇಸಿಗೆಯಲ್ಲಿ ಒಂದು ಹನಿಗೆ ಅಂಗಲಾಚಿದ ಊರಿಗೆ ಶ್ರಾವಣದಲ್ಲಿ ಅದೇ ಅಣೆಕಟ್ಟಿನ ನೀರು ಮನೆಯೊಳಗೆ ಬಂತಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಒಂದೇ ನದಿಯ ಬಾಗಿಲುಗಳನ್ನು ಎರಡು ರಾಜ್ಯಗಳು ಬೇರೆ ಬೇರೆ ಲೆಕ್ಕದಲ್ಲಿ ತೆರೆದು ಮುಚ್ಚುತ್ತಿರುವತನಕ ನಡುವೆ ಇರುವ ನಮ್ಮಂಥವರಿಗೆ ಬತ್ತುವುದೂ ಮುಳುಗುವುದೂ ತಪ್ಪುವುದಿಲ್ಲ.

ಮೊದಲು ಮುಳುಗುವುವು ಕೆಳಮಟ್ಟದ ಸೇತುವೆಗಳು. ಕಲ್ಲೋಳ-ಯಡೂರ, ಮಾಂಜರಿ-ಬಾವನಸೌಂದತ್ತಿ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭೀವಶಿ. ಈ ಜೋಡಿ ಹೆಸರುಗಳು ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ, ಯಾಕೆಂದರೆ ಪ್ರತಿ ವರ್ಷ ಪತ್ರಿಕೆಯಲ್ಲಿ ಇದೇ ಸಾಲಿನಲ್ಲಿ ಬರುತ್ತವೆ. ಸುತ್ತು ಹಾಕಿ ಹೋದರಾಯಿತು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಸಲ ಸುತ್ತಿನ ರಸ್ತೆಗಳೂ ಹೋದವು. ಪುಣೆ-ಬೆಂಗಳೂರು ಹೆದ್ದಾರಿಯೇ ಕೊಲ್ಲಾಪುರದ ಹತ್ತಿರ ನೀರಿನಡಿ ಹೋಗಿ ದಿನಗಟ್ಟಲೆ ಬಂದಾಯಿತು. ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ನೀರಿನ ಮಟ್ಟ ಏರುತ್ತಲೇ ಇದೆ ಎಂಬ ಸುದ್ದಿ ಮೊಬೈಲಿನಲ್ಲಿ ಬಂದಾಗ ನಮ್ಮ ಕಾಕಾ ಫೋನನ್ನು ಕೆಳಗಿಟ್ಟು, “ಅದೆಲ್ಲಾ ಇನ್ನ ಇಲ್ಲಿಗೇ ಬರೂದೈತಿ” ಅಂದ. ಮೇಲಿನ ನೀರು ಕೂಡಲೇ ಬರುವುದಿಲ್ಲ, ನಿಧಾನಕ್ಕೆ ಬರುತ್ತದೆ. ಬರುತ್ತದೆ ಅಂತ ಗೊತ್ತಿದ್ದೂ ಕಾಯುವ ಆ ರಾತ್ರಿಗಳಲ್ಲಿ ಊರಿನಲ್ಲಿ ಯಾರೂ ಮಲಗಲಿಲ್ಲ.

ಊರಿನ ತಗ್ಗಿನಲ್ಲಿ ಇರುವುದು ದಲಿತರ ಕೇರಿ. ನೀರು ಮೊದಲು ಹೊಕ್ಕದ್ದು ಅಲ್ಲಿ. ಕಬ್ಬು ಹೇರುವ ಟ್ರ್ಯಾಕ್ಟರ್ ಡಬ್ಬಿಗಳಲ್ಲಿ ಮುದುಕರು, ಕೂಸುಗಳು, ಗೋದಿಯ ಚೀಲ, ಗ್ಯಾಸಿನ ಸಿಲಿಂಡರ್, ಆಡುಮರಿ ಎಲ್ಲ ಒಟ್ಟಿಗೆ ತುಂಬಿಕೊಂಡು ಮಡ್ಡಿಯ ಮೇಲಿನ ಸಾಲಿಗೆ ಸಾಗಿಸಿದರು. ಆಮೇಲೆ ಕುಂಬಾರರ ಓಣಿ, ಮುಸಲ್ಮಾನರ ಮನೆಗಳು, ಕೊನೆಗೆ ಎತ್ತರದಲ್ಲಿರುವ ಗೌಡರ ಓಣಿ. ದನಗಳ ಕಣ್ಣಿ ಬಿಚ್ಚಿ ಹೊಡೆದುಕೊಂಡು ಹೋದೆವು. ಎಮ್ಮೆಗಳು ಎದೆಮಟ್ಟದ ನೀರಿನಲ್ಲಿ ಮೂಗು ಮೇಲೆತ್ತಿ ನಡೆದವು, ಎತ್ತುಗಳು ಬೆದರಿದವು. ನಮ್ಮ ಆಯಿ ಬರಲು ಒಪ್ಪಲಿಲ್ಲ. ಅಡಿಗೆಮನೆಯ ಮಾಡದಲ್ಲಿದ್ದ ದೇವರುಗಳನ್ನು ಮರದ ಪೆಟ್ಟಿಗೆಗೆ ಹಾಕಿ ಕೈಗೆ ಕೊಟ್ಟ ಮೇಲೆಯೇ ಎದ್ದಳು.

ಮರುದಿನ ಪಂಚಮಿ. ಹಾಲೆರೆಯುವ ಹುತ್ತ ಹೊಲದ ಬದುವಿನಲ್ಲಿತ್ತು, ಬದು ನೀರಿನೊಳಗಿತ್ತು. ಹೆಂಗಸರು ಸಾಲಿಯ ಹಿಂದಿನ ಬೇವಿನ ಬುಡದಲ್ಲಿ ಹಸಿ ಮಣ್ಣಿನಿಂದ ನಾಗಪ್ಪನನ್ನು ಮಾಡಿ, ಅರಿಶಿಣ ಹಚ್ಚಿ, ಹಾಲೆರೆದರು. ನಿಜವಾದ ಹಾವುಗಳು ಜಾಲಿಯ ಟೊಂಗೆಗಳಲ್ಲಿ, ಟ್ರಾನ್ಸ್‌ಫಾರ್ಮರಿನ ಕಂಬದಲ್ಲಿ, ಸಾಲಿಯ ಕಾಂಪೌಂಡಿನ ಮೇಲೆ ಸುತ್ತಿಕೊಂಡಿದ್ದವು. ಮಕ್ಕಳನ್ನು ಹತ್ತಿರ ಬಿಡದೆ ಕಾದರು, ಒಂದನ್ನೂ ಹೊಡೆಯಲಿಲ್ಲ. ಹಬ್ಬಕ್ಕೆಂದು ಕಟ್ಟಿದ್ದ ಉಂಡಿಗಳ ಡಬ್ಬಿಗಳು ಹಲವು ಮನೆಯವರ ಜೊತೆ ಬಂದಿದ್ದವು. ಎರಡು ದಿನ ಅಷ್ಟೂ ಮಂದಿ ತಿಂದದ್ದು ಬಹುಪಾಲು ಅದನ್ನೇ.

ಸಾಲಿಯೊಳಗಿನ ಬದುಕನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾರೂ ಬಾಯಿಬಿಟ್ಟು ಹೇಳದೆ ಕೋಣೆಗಳು ಓಣಿಯ ಪ್ರಕಾರ ಹಂಚಿಕೆಯಾದವು. ಒಂದನೆತ್ತದ ಕೋಣೆಯಲ್ಲಿ ಒಂದು ಕೇರಿ, ಏಳನೆತ್ತದ ಕೋಣೆಯಲ್ಲಿ ಇನ್ನೊಂದು. ಊರಿನಲ್ಲಿ ಇದ್ದ ಗೆರೆಗಳೇ ಇಲ್ಲಿಗೂ ಬಂದವು. ನೀರು ಬೇಗ ಇಳಿದಿದ್ದರೆ ಹಾಗೇ ನಡೆದುಹೋಗುತ್ತಿತ್ತು. ಇಳಿಯಲಿಲ್ಲ. ತೋಟದ ಮನೆಗಳವರೂ ಬಂದು ಸೇರಿದ ಮೇಲೆ ಮಲಗಲು ನೆಲ ಸಾಲದೆ, ಕೂಸು ಇದ್ದವರು ಒಂದು ಕೋಣೆ, ಕೆಮ್ಮು ಜ್ವರ ಇದ್ದವರು ಒಂದು ಕೋಣೆ ಎಂದು ಹಂಚಿಕೆ ತಾನಾಗಿ ಬದಲಾಯಿತು. ಅಡಿಗೆಗೆ ನಿಂತವರು ಬಿಸಿಯೂಟದ ಹೆಂಗಸರು. ಅವರ ಕೈಯ ಅನ್ನ ಉಣ್ಣುವುದಿಲ್ಲ ಎಂದು ಮೊದಲ ದಿನ ಅವಲಕ್ಕಿ ತಿಂದುಕೊಂಡು ಇದ್ದವರು ಕೆಲವರಿದ್ದರು. ಅವಲಕ್ಕಿ ತೀರಿತು. ಅವರೂ ಬಂದು ಸಾಲಿನಲ್ಲಿ ಕೂತರು. ಬಡಿಸುವವಳು ಒಂದು ಮಾತೂ ಆಡದೆ ಎಲ್ಲರಿಗೆ ಹಾಕಿದಷ್ಟೇ ಸಾರು ಹಾಕಿದಳು. ಅವಳ ದೊಡ್ಡತನ ಅದು, ಊರಿನದಲ್ಲ. ನೀರು ಇಳಿದು ಮನೆಗೆ ಮರಳಿದ ಮೇಲೆ ಊರಿನ ಗೆರೆಗಳು ಬಹುಮಟ್ಟಿಗೆ ಮೊದಲಿದ್ದಲ್ಲೇ ಬಂದು ನಿಂತವು. ಇದನ್ನು ಮುಚ್ಚಿಟ್ಟು ಮಹಾಪೂರ ನಮ್ಮನ್ನೆಲ್ಲ ಒಂದು ಮಾಡಿತು ಎಂದು ಹೇಳುವುದು ನನ್ನಿಂದ ಆಗದು.

ಆದರೂ ಕೆಲವು ಸಂಗತಿಗಳು ಆದವು, ಅವನ್ನೂ ಹೇಳಬೇಕು. ನಮ್ಮಲ್ಲಿ ಜೈನರ ಮನೆಗಳು ಬಹಳ. ಚಾತುರ್ಮಾಸದ ದಿನಗಳು, ಹಿರಿಯರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅದನ್ನು ತಿಳಿದ ಅಡಿಗೆಯವರು ಉಳ್ಳಾಗಡ್ಡಿ ಹಾಕದ ಒಂದು ಪಾತ್ರೆ ಬೇಳೆಯನ್ನು ಸಂಜೆ ಮುಂಚಿತವಾಗಿ ಇಳಿಸಿಡುತ್ತಿದ್ದರು. 12ರಂದು ಬಕ್ರೀದ್ ಬಂತು. ಈದ್ಗಾ ನೀರಿನಲ್ಲಿತ್ತು. ಸೊಸೈಟಿಯ ಗೋದಾಮಿನಲ್ಲಿ ಗೊಬ್ಬರದ ಚೀಲಗಳನ್ನು ಒಂದು ಬದಿಗೆ ಒಟ್ಟಿ, ಕಸ ಹೊಡೆದು, ತಾಡಪತ್ರಿ ಹಾಸಿ ಅಲ್ಲಿ ನಮಾಜು ಮಾಡಿದರು. ಚೀಲ ಹೊತ್ತವರಲ್ಲಿ ಎಲ್ಲ ಓಣಿಯ ಹುಡುಗರೂ ಇದ್ದರು.

ಆ ನಡುವೆ ಒಬ್ಬ ಅಜ್ಜ ತೀರಿಕೊಂಡ. ದಮ್ಮಿನ ರೋಗಿ. ನಮ್ಮ ಕಡೆಯವರು ದೊಡ್ಡ ದವಾಖಾನೆ ಎಂದರೆ ಮಿರಜಕ್ಕೆ ಓಡುವವರು, ಮಿರಜದ ದಾರಿ ಮುಚ್ಚಿತ್ತು. ರುದ್ರಭೂಮಿ ಹೊಳೆದಂಡೆಯಲ್ಲಿ, ಅದರ ಮೇಲೆ ಎರಡಾಳು ನೀರು. ಹೆಣ ಇಟ್ಟುಕೊಂಡು ಮಕ್ಕಳು ಮಾತಿಲ್ಲದೆ ಕೂತಿದ್ದಾಗ, ಮಡ್ಡಿಯಲ್ಲಿ ತುಸು ಹೊಲ ಇದ್ದ ಕುರುಬರ ಮನೆಯ ಹಿರಿಯನೊಬ್ಬ ಬಂದು, “ನಮ್ಮ ಹೊಲದ ಮೂಲ್ಯಾಗ ಮಣ್ಣ ಮಾಡ್ರಿ, ಯಾಕ ಕುಂತೀರಿ” ಅಂದ. ತಮ್ಮ ಹೊಲದಲ್ಲಿ ಬೇರೆ ಕುಲದ ಗೋರಿ ಎಂದರೆ ಮುಂದೆ ನೂರು ತಕರಾರು. ಅವನು ಅದನ್ನೆಲ್ಲ ಎಣಿಸಲಿಲ್ಲ. ಇಂದಿಗೂ ಆ ಮನೆಯವರು ನೇಗಿಲು ಹೊಡೆಯುವಾಗ ಆ ಮೂಲೆಯನ್ನು ಬಿಟ್ಟು ಹೊಡೆಯುತ್ತಾರೆ.

ಕೂತ ನೀರು ಏನೇನನ್ನು ನಿಲ್ಲಿಸಿತು ಎಂದು ನೆನೆದರೆ ಬೇಗ ಮುಗಿಯುವುದಿಲ್ಲ. ಡೇರಿಯ ಗಾಡಿ ಬರಲಿಲ್ಲ. ಹಾಲು ಕರೆಯದಿದ್ದರೆ ಎಮ್ಮೆಗೆ ಕೆಚ್ಚಲು ಬಾವು, ಕರೆದರೆ ಕೊಳ್ಳುವವರಿಲ್ಲ. ಮೊದಮೊದಲು ಸಾಲಿಯ ಮಕ್ಕಳೆಲ್ಲ ಹೊಟ್ಟೆ ತುಂಬ ಹಾಲು ಕುಡಿದರು. ಆಮೇಲೆ ಮೇವು ತೀರಿ ಹಾಲೇ ಇಂಗಿತು. ಕಣಿಕೆಯ ಬಣವಿಗಳು ತೇಲಿ ಹೋಗಿದ್ದವು. ಕರೆಂಟು ಇಲ್ಲದ್ದರಿಂದ ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಹಚ್ಚಿ ಸರದಿಯ ಮೇಲೆ ಮೊಬೈಲು ಚಾರ್ಜ್ ಮಾಡುತ್ತಿದ್ದೆವು. ನಮ್ಮಕ್ಕನ ಗಂಡ ಇಚಲಕರಂಜಿಯಲ್ಲಿ ಮಗ್ಗದ ಕೆಲಸಗಾರ. ಪಂಚಗಂಗಾ ಅವರ ಓಣಿಗೂ ಬಂದು ಅವನೂ ಅಲ್ಲಿನ ಒಂದು ಸಾಲಿಯಲ್ಲೇ ಇದ್ದ. ಗಂಡಹೆಂಡತಿ ಎರಡು ರಾಜ್ಯಗಳ ಎರಡು ಸಾಲಿಗಳಿಂದ ದಿನಕ್ಕೊಂದು ಸಲ, “ಉಂಡ್ಯಾ? ಹುಡುಗೂರು ಆರಾಮ ಅದಾವ?” ಎಂದಷ್ಟೇ ಮಾತಾಡಿ ಬ್ಯಾಟರಿ ಉಳಿಸುತ್ತಿದ್ದರು.

ಬೆಂಗಳೂರಿನಲ್ಲಿ ಆಗ ತಾನೆ ಹೊಸ ಸರ್ಕಾರ ಬಂದಿತ್ತು. ಯಡಿಯೂರಪ್ಪನವರು ಮುಖ್ಯಮಂತ್ರಿ, ಸಂಪುಟ ರಚನೆಯಾದದ್ದು ಆಗಸ್ಟ್ 20ಕ್ಕೆ, ಅಲ್ಲಿಯತನಕ ಮಂತ್ರಿ ಎಂದು ಇದ್ದವರು ಅವರೊಬ್ಬರೇ. ಸೈನ್ಯದವರು, ಎನ್‌ಡಿಆರ್‌ಎಫ್‌ನವರು ದೋಣಿಗಳಲ್ಲಿ ಬಂದು ತೋಟದ ಮನೆಗಳ ಮಾಳಿಗೆಯ ಮೇಲೆ ಸಿಕ್ಕಿಕೊಂಡವರನ್ನು ಇಳಿಸಿದರು. ರಸ್ತೆ ತುಸು ತೆರೆದ ಮೇಲೆ ಮಳೆ ಕಾಣದ ಪೂರ್ವದ ಸೀಮೆಯ ಹಳ್ಳಿಗಳಿಂದ ಕಡಕ್ ರೊಟ್ಟಿಯ ಗಂಟುಗಳು, ಶೇಂಗಾ ಚಟ್ನಿ, ಅಗಸಿ ಹಿಂಡಿ ಲಾರಿ ಲಾರಿ ಬಂದವು. ತಮ್ಮ ಹೊಲದಲ್ಲಿ ಬಿತ್ತಲು ಹಸಿ ಇಲ್ಲದ ಜನ ನಮಗೆ ರೊಟ್ಟಿ ಬಡಿದು ಕಳಿಸಿದ್ದರು. ಇನ್ನು ಕೆಲವರು ಹರಿದ ಸೀರೆ, ಗುಂಡಿ ಕಿತ್ತ ಅಂಗಿಗಳ ಮೂಟೆ ಇಳಿಸಿ ಹೋದರು. ನಮ್ಮ ಹೆಂಗಸರು ಆ ರಾಶಿಯ ಹತ್ತಿರ ಸುಳಿಯಲಿಲ್ಲ. ಉಟ್ಟ ಒಂದೇ ಸೀರೆಯನ್ನು ಅರ್ಧ ಉಟ್ಟು ಅರ್ಧ ಒಣಗಿಸಿಕೊಂಡು ದಿನ ದೂಡಿದರು. ಕಷ್ಟದಲ್ಲಿರುವವರಿಗೂ ಮಾನ ಇರುತ್ತದೆ ಎನ್ನುವುದನ್ನು ಕೊಡುವ ಕೈ ಮರೆಯಬಾರದು.

ಆಗಸ್ಟ್ 15ಕ್ಕೆ ಸಾಲಿಯಲ್ಲೇ ಝಂಡಾ ಏರಿತು. ಒಣಗಲು ಹಾಕಿದ ಕೌದಿಗಳ ನಡುವೆ ಮಕ್ಕಳು ಸಾಲಾಗಿ ನಿಂತು ಹಾಡಿದರು. ಅಷ್ಟೊತ್ತಿಗೆ ನೀರು ಗುಡಿಯ ಗೆರೆಯಿಂದ ಜಗ್ಗಿತ್ತು. ಊರಿಗೆ ಹೋಗಬಹುದು ಎಂದುಕೊಂಡೆವು. ಆಗ ಮನೆಗಳು ಬೀಳತೊಡಗಿದವು.

ಇದು ಹೊರಗಿನವರಿಗೆ ತಿಳಿಯದ ಸಂಗತಿ. ಮಣ್ಣಿನಲ್ಲಿ ಕಟ್ಟಿದ ಗೋಡೆ ನೀರು ಸುತ್ತ ಇರುವತನಕ ಹೇಗೋ ನಿಂತಿರುತ್ತದೆ. ನೀರು ಸರಿದು, ಬಿಸಿಲು ಬಿದ್ದು, ಒಳಗೆ ಕುಡಿದ ಹಸಿ ಭಾರವಾಗಿ ಎಳೆಯತೊಡಗಿದಾಗ ಬುಡದಿಂದ ಕುಸಿಯುತ್ತದೆ. ಎರಡು ದಿನ ನಿಂತ ನೀರಾಗಿದ್ದರೆ ಗೋಡೆಯ ಮೈ ಮಾತ್ರ ನೆನೆಯುತ್ತಿತ್ತು, ಇದು ಎದೆಯತನಕ ಕುಡಿದಿತ್ತು. ರಾತ್ರಿ ಮಡ್ಡಿಯ ಮೇಲೆ ಮಲಗಿದವರಿಗೆ ಕೆಳಗೆ ಊರಿನಲ್ಲಿ ಧಪ್ ಅನ್ನುವ ಸಪ್ಪಳ ಕೇಳುತ್ತಿತ್ತು, ಇದು ಯಾರದು ಎಂದು ಎದ್ದು ಕೂರುತ್ತಿದ್ದರು. ನಮ್ಮ ಮನೆಯ ಪಡಸಾಲೆ ಉಳಿಯಿತು, ದನದ ಕೊಟ್ಟಿಗೆ ಹೋಯಿತು. ಹಗೇವಿನಲ್ಲಿ ಇಟ್ಟಿದ್ದ ಜೋಳ ಕೊಳೆತು ಆ ನಾತ ಓಣಿಯಲ್ಲಿ ನಿಂತೇಬಿಟ್ಟಿತ್ತು.

ಕಬ್ಬಿನದೂ ಅದೇ ಗತಿ. ಕಬ್ಬು ಕಾಲಲ್ಲಿ ನೀರು ತಡೆಯುವ ಬೆಳೆ. ಸುಳಿ ಮುಳುಗಿದರೆ ಮಾತ್ರ ಉಳಿಯುವುದಿಲ್ಲ. ಸುಳಿಯೊಳಗೆ ರಾಡಿ ತುಂಬಿ ಕೊಳೆತು, ಗಣ್ಣುಗಣ್ಣಿಗೆ ಬೇರು ಬಿಟ್ಟು, ಕಣ್ಣು ಚಿಗುರಿ, ಒಳಗೆಲ್ಲ ಬೆಂಡಾಯಿತು. ದೂರದಿಂದ ನೋಡಿದವರಿಗೆ ಹೊಲ ನಿಂತಿದೆ ಅನಿಸುತ್ತಿತ್ತು. ಒಂದು ಗಳ ಮುರಿದು ನೋಡಿದ ಕಾಕಾ ಅದನ್ನು ಬದುವಿಗೆ ಎಸೆದು ಮನೆಗೆ ಬಂದು ಅಂದು ಉಣ್ಣಲಿಲ್ಲ. ಆ ಹೊಲದ ಮೇಲೆ ಸೊಸೈಟಿಯ ಸಾಲವಿತ್ತು.

ಆಮೇಲೆ ಪಟ್ಟಿಗಳ ಕಾಲ ಬಂತು. ತುರ್ತು ಖರ್ಚಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ. ಮನೆಗಳಿಗೆ ‘ಎ’, ‘ಬಿ’, ‘ಸಿ’ ಎಂದು ದರ್ಜೆ ಹಚ್ಚಿದರು. ಹಣ ಬಂದ ಮನೆಗಳಿಗೆ ಅದು ದೊಡ್ಡ ಆಧಾರವಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪಟ್ಟಿ ನೋಡಿದ್ದು ಗೋಡೆಯನ್ನು ಮತ್ತು ಉತಾರವನ್ನು. ಒಂದೇ ಸೂರಿನಡಿ ಮೂರು ಒಲೆ ಹೂಡಿದ ಅಣ್ಣತಮ್ಮಂದಿರಿಗೆ ಉತಾರ ಒಂದೇ, ಮನೆಯೂ ಒಂದೇ ಲೆಕ್ಕ. ಕಬ್ಬಿನಲ್ಲಿ ಕಳೆ ತೆಗೆದು ದಿನಗೂಲಿಯಿಂದ ಬದುಕುವ ಹೆಣ್ಣುಮಕ್ಕಳಿಗೆ ಹೊಲವೇ ಇಲ್ಲ, ಬೆಳೆಹಾನಿಯೂ ಇಲ್ಲ. ಅವರಿಗೆ ಮುಂದಿನ ಆರು ತಿಂಗಳು ಕೆಲಸವೂ ಇರಲಿಲ್ಲ, ಯಾಕೆಂದರೆ ಕಳೆ ತೆಗೆಯಲು ಕಬ್ಬು ಇರಲಿಲ್ಲ. ಮೊದಲು ಮುಳುಗಿದ ಕೇರಿಯಲ್ಲಿ ಹಲವರಿಗೆ ಮನೆಯ ಜಾಗದ ಕಾಗದವೇ ಇರಲಿಲ್ಲ. ತಗಡಿನ ಶೆಡ್ಡಿನಿಂದ ಕೊನೆಗೆ ಹೊರಬಂದವರೂ ಅವರೇ.

ಊರನ್ನೇ ಮಡ್ಡಿಗೆ ಸಾಗಿಸಬೇಕು ಎಂಬ ಮಾತು 2005ರಿಂದ ಇದೆ. 2019ರ ಮೇಲೆ ಜೋರಾಯಿತು. 2021ರ ಜುಲೈನಲ್ಲಿ ಹೊಳಿ ಮತ್ತೊಮ್ಮೆ ಊರು ಹೊಕ್ಕಾಗ ಯಾರೂ ಗುಡಿಯ ಗೆರೆ ನೋಡುತ್ತ ಕೂರಲಿಲ್ಲ. ಉತಾರ, ಆಧಾರ್ ಕಾರ್ಡು, ಪಾಸ್‌ಬುಕ್ಕು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸಂಜೆಯೊಳಗೇ ಡಬ್ಬಿ ಏರಿದರು. ಆ ಸಲ ಟ್ರ್ಯಾಕ್ಟರುಗಳು ಮೊದಲು ತಗ್ಗಿನ ಕೇರಿಗೇ ಹೋದವು, ಕರೆಯುವತನಕ ಕಾಯಲಿಲ್ಲ. ಅದಾದ ಮೇಲೆ ಒಂದಷ್ಟು ಮನೆಗಳು ಮೇಲೆ ಕಟ್ಟಿಕೊಂಡು ಹೋದವು, ಒಂದಷ್ಟು ಕೆಳಗೇ ಉಳಿದವು.

ಕೆಳಗೆ ಉಳಿದವರಿಗೆ ಬುದ್ಧಿ ಇಲ್ಲ ಎಂದು ಪ್ಯಾಟಿಯವರು ಸುಲಭವಾಗಿ ಹೇಳಿಬಿಡುತ್ತಾರೆ. ನಮ್ಮ ಕಾಕಾ ಕೆಳಗೇ ಇದ್ದಾನೆ. ಮೇಲೆ ಬಾ ಎಂದು ನಾನೂ ಸಾಕಷ್ಟು ಸಲ ಹೇಳಿದ್ದೇನೆ. ಹೋದ ಸಲ ಸಿಟ್ಟಿನಿಂದಲೇ ಕೇಳಿದೆ, ಮತ್ತೆ ನೀರು ಬಂದರೆ ಏನು ಮಾಡುತ್ತಿ ಅಂತ. ಅವನು ಬೀಡಿ ಕೆಳಗಿಟ್ಟು ಹೇಳಿದ:

“ತಮ್ಮಾ, ಥ್ರೀ ಫೇಸ್ ಕರೆಂಟ್ ಕೊಡೂದು ರಾತ್ರಿ. ಮ್ಯಾಲ ಮಲಗಿದರ ಅಷ್ಟೊತ್ತಿನ್ಯಾಗ ಇಳದ ಬಂದ ಮೋಟಾರ ಯಾರ ಚಾಲೂ ಮಾಡಬೇಕ? ನೀವು ಹಗಲಿ ಕರೆಂಟ್ ಕೊಡಸ್ರಿ, ನಾ ನಾಳೆನ ಗಂಟ ಕಟ್ಟತೇನಿ.”